ಮುಪ್ಪಿನ ಮಿದುಳೂ ಡಬ್ಬಿಯ ಪ್ರೋಟೀನೂ

ಅಮೆರಿಕ ಸಂಯುಕ್ತ ಸಂಸ್ಥಾನದ ವಾಯವ್ಯ ಮೂಲೆಯಲ್ಲಿ, ವಾಷಿಂಗ್‌ಟನ್ ರಾಜ್ಯಕ್ಕೆ ಸೇರಿದ ದ್ವೀಪವೊಂದರಲ್ಲಿ, ಫ್ರೈಡೇ ಹಾರ್ಬರ್ ಎಂಬ ಚಿಕ್ಕ ಬಂದರು ಇದೆ. 1961ನೆಯ ಇಸವಿಯ ಬೇಸಗೆಯಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಫ್ರಾಂಕ್ ಜಾನ್ಸನ್ ಎಂಬ ಪ್ರಾಧ್ಯಾಪಕರೂ, ಅವರ ಪ್ರಯೋಗಶಾಲೆಗೆ ಜಪಾನಿನಿಂದ ಬಂದು ಸೇರಿದ್ದ ಒಸಾಮು ಶಿಮೊಮುರಾ ಎಂಬ ತರುಣ ರಸಾಯನಶಾಸ್ತ್ರಜ್ಞರೂ ಅಲ್ಲಿಯ ಕಡಲತಡಿಯಲ್ಲಿ ನಿಂತು, ಕೈಬಲೆಯಿಂದ ಲೋಳೆಮೀನುಗಳನ್ನು ಮೊಗೆಮೊಗೆದು ಸಂಗ್ರಹಿಸುತ್ತಿದ್ದರು. ಆ ಜೀವಿಯ ಪಾರದರ್ಶಕವಾದ ಶರೀರದ ಅಂಚಿನಲ್ಲಿ, ಕತ್ತಲೆಯಲ್ಲಿ ಹಸಿರು ಬೆಳಕನ್ನು ಬೀರತಕ್ಕ ಸೂಕ್ಷ್ಮ ಅಂಗಗಳುಂಟು; ಆ ಅಂಚನ್ನು ಕತ್ತರಿಸಿ, ಬಟ್ಟೆಯಲ್ಲಿ ಹಿಂಡಿ, ಬಂದ ರಸದಿಂದ ಬೆಳಕಿಗೆ ಕಾರಣವಾದ ದ್ರವ್ಯವನ್ನು ಬೇರ್ಪಡಿಸುವುದು ಅವರ ಉದ್ದೇಶವಾಗಿತ್ತು. ನಾನಾ ವಿಧಾನಗಳು ವಿಫಲವಾದ ಮೇಲೆ, ಒಂದು ದಿನ ಶಿಮೊಮುರಾ ಅವರು ಕೆಲಸಕ್ಕೆ ಬಾರದೆಂದು ತಿಳಿದ ರಸವನ್ನು ಪಾತ್ರೆ ತೊಳೆಯುವ ತೊಟ್ಟಿಗೆ ಚೆಲ್ಲಿದರು. ಚೆಲ್ಲಿದೊಡನೆ ತೊಟ್ಟಿಯ ಒಳಗೆಲ್ಲ ನೀಲವರ್ಣದ ಪ್ರಭೆ ಥಟ್ಟನೆ ಹೊಮ್ಮಿತು. ಆ ತೊಟ್ಟಿಗೆ ಕಡಲನೀರು ಹರಿದು ಬರುತ್ತಿದ್ದುದರಿಂದಲೂ, ಕಡಲನೀರಿನಲ್ಲಿ ಕ್ಯಾಲ್ಸಿಯಂ ಇರುವುದರಿಂದಲೂ, ಬೆಳಕನ್ನು ಹೊತ್ತಿಸತಕ್ಕದ್ದು ಕ್ಯಾಲ್ಸಿಯಮ್ಮೇ ಎಂಬುದು ಅವರಿಗೆ ಆ ಕ್ಷಣದಲ್ಲಿ ಹೊಳೆಯಿತು. ಸುಮಾರು 10,000 ಲೋಳೆಮೀನುಗಳಿಂದ ಕಟ್ಟಕಡೆಗೆ ದೊರೆತದ್ದು ಕೆಲವೇ ಮಿಲಿಗ್ರಾಂ ತೂಕದ ಒಂದು ಪ್ರೋಟೀನು. ಅದಕ್ಕೆ ಎಕ್ವೊರಿನ್ ಎಂದು ಹೆಸರಿಟ್ಟು 1962ರಲ್ಲಿ ಪ್ರಕಟಿಸಿದರು. ಅದೇ ಜೀವಿಯಲ್ಲಿ ಅದರ ಜೊತೆಜೊತೆಗೇ ಕಂಡುಬಂದ ಹಸಿರು ಪ್ರೋಟೀನಿಗಾಗಿ ಶಿಮೊಮುರಾ ಅವರಿಗೆ 2008ರಲ್ಲಿ, ಇನ್ನಿಬ್ಬರ ಸಂಗಡ, ನೊಬೆಲ್ ಪಾರಿತೋಷಕ ಸಂದಿತು.

ಶುದ್ಧ ಜಿಜ್ಞಾಸೆಯಿಂದ ಹುಟ್ಟಿದ ಈ ದ್ರವ್ಯವು, ಅರ್ಧ ಶತಮಾನ ಕಳೆಯುವುದರೊಳಗೆ, ವೃದ್ಧರ ನೆನಪಿನ ಶಕ್ತಿಯನ್ನು ಕಾಪಾಡುವ ಗುಳಿಗೆಯಾಗಿ ಅಂಗಡಿಯ ಕಪಾಟನ್ನೇರಿದ ಬಗೆ ವಿಚಿತ್ರವಾದುದು. ನರಕೋಶಗಳೊಳಗಿನ ಕ್ಯಾಲ್ಸಿಯಂ ಪ್ರಮಾಣವನ್ನು ಅಂಕೆಯಲ್ಲಿಡುವ ಸಾಮರ್ಥ್ಯ ವಯಸ್ಸಾದಂತೆ ಕುಗ್ಗುತ್ತದೆ ಎಂಬುದೂ, ಆ ಕುಗ್ಗುವಿಕೆಯೇ ಮಿದುಳಿನ ಮುಪ್ಪಿಗೆ ಒಂದು ಕಾರಣವಿರಬಹುದು ಎಂಬುದೂ ವಿಜ್ಞಾನಿಗಳಲ್ಲಿ ಬಹುಕಾಲದಿಂದ ಇರುವ ಅಭಿಪ್ರಾಯ. ಲೋಳೆಮೀನಿನ ಪ್ರೋಟೀನು ಕ್ಯಾಲ್ಸಿಯಮ್ಮನ್ನು ಹಿಡಿದಿಡಬಲ್ಲುದಷ್ಟೆ. ಹಾಗಾದರೆ ಅದನ್ನು ತಿಂದವರ ಮಿದುಳಿನಲ್ಲಿಯೂ ಅದು ಅದೇ ಕಾರ್ಯವನ್ನು ಮಾಡಲಾರದೇಕೆ ಎಂಬ ತರ್ಕದ ಮೇಲೆ, ವಿಸ್ಕಾನ್ಸಿನ್ ರಾಜ್ಯದ ಕ್ವಿನ್ಸಿ ಬಯೋಸೈನ್ಸ್ ಎಂಬ ಸಂಸ್ಥೆಯು 2007ರಲ್ಲಿ ಪ್ರೆವಾಜೆನ್ ಎಂಬ ಗುಳಿಗೆಯನ್ನು ಮಾರಾಟಕ್ಕೆ ತಂದಿತು. ಲೋಳೆಮೀನುಗಳನ್ನು ಹಿಡಿಯುವ ಕಷ್ಟವೂ ಈಗ ಇಲ್ಲ. ಬ್ಯಾಕ್ಟೀರಿಯಾಗಳಿಂದಲೇ ಆ ಪ್ರೋಟೀನನ್ನು ತಯಾರಿಸಿ, ಗುಳಿಗೆಯೊಂದಕ್ಕೆ 10 ಮಿಲಿಗ್ರಾಮಿನಂತೆ ತುಂಬುತ್ತಾರೆ.

ಈ ತರ್ಕ ಮುಗ್ಗರಿಸುವ ಸ್ಥಳವು ನಮ್ಮೆಲ್ಲರ ಹೊಟ್ಟೆ. ಹಳೆಯ ಮನೆಯನ್ನು ಕೊಂಡವನು ಅದನ್ನು ಕಳಚಿ, ಇಟ್ಟಿಗೆಯನ್ನು ಇಟ್ಟಿಗೆಯಾಗಿ, ತೊಲೆಯನ್ನು ತೊಲೆಯಾಗಿ ವಿಂಗಡಿಸಿ, ತನಗೆ ಬೇಕಾದ ಕಡೆ ಬೇರೊಂದು ಕಟ್ಟಡಕ್ಕೆ ಬಳಸಿಕೊಳ್ಳುವಂತೆ, ಜಠರದ ಆಮ್ಲವೂ ಕರುಳಿನ ಜೀರ್ಣರಸಗಳೂ ನಾವು ತಿಂದ ಪ್ರತಿಯೊಂದು ಪ್ರೋಟೀನನ್ನೂ ಬಿಡಿಬಿಡಿಯಾದ ಅಮೈನೋ ಆಮ್ಲಗಳನ್ನಾಗಿ ಕಳಚುತ್ತವೆ. ಅದು ತೊಗರಿಬೇಳೆಯದಾಗಿರಲಿ, ಮೊಟ್ಟೆಯದಾಗಿರಲಿ, ಫ್ರೈಡೇ ಹಾರ್ಬರಿನ ಲೋಳೆಮೀನಿನದಾಗಿರಲಿ, ಕಳಚಿದ ಮೇಲೆ ಅದರ ಪೂರ್ವಾಶ್ರಮದ ಗುರುತು ಉಳಿಯುವುದಿಲ್ಲ. ಮೂವತ್ತು ಗ್ರಾಂ ಬೇಳೆಯಿಂದ ಮಾಡಿದ ಒಂದು ಬಟ್ಟಲು ತೊವ್ವೆಯಲ್ಲಿ ಸುಮಾರು 7 ಗ್ರಾಂ ಪ್ರೋಟೀನಿದ್ದರೆ, ಅದು ಅಂತಹ 700 ಗುಳಿಗೆಗಳಿಗೆ ಸಮಾನ. ಗುಳಿಗೆಯ ಪ್ರೋಟೀನು ಅಖಂಡವಾಗಿ ಮಿದುಳನ್ನು ತಲುಪುವುದಾದರೆ ಮಾತ್ರ ಅದರ ಹೆಚ್ಚುಗಾರಿಕೆ. ತಲುಪದಿದ್ದರೆ ಅದು ತೊವ್ವೆಯ ಏಳುನೂರರಲ್ಲಿ ಒಂದಂಶ. ಇಲಿಗಳ ಮಿದುಳಿಗೆ ಈ ಪ್ರೋಟೀನನ್ನು ನೇರವಾಗಿ ಹರಿಸಿದಾಗ, ಅನಂತರ ಆಮ್ಲಜನಕದ ಕೊರತೆಗೆ ಈಡಾದ ಅವುಗಳ ನರಕೋಶಗಳು ಸಾಯುವುದು ಕಡಮೆಯಾಯಿತೆಂದು ಮಿಲ್ವಾಕಿಯ ವಿಜ್ಞಾನಿಗಳು 2013ರಲ್ಲಿ ತೋರಿಸಿದ್ದುಂಟು. ಆದರೆ ಮಿದುಳಿಗೆ ಸೂಜಿಯಿಂದ ಸೇರಿಸುವುದು ಬೇರೆ, ಬಾಯಿಯಿಂದ ನುಂಗುವುದು ಬೇರೆ. ಜಾಹೀರಾತುಗಳು ಈ ಎರಡರ ನಡುವಣ ಅಂತರವನ್ನು ಒಂದೇ ನೆಗೆತಕ್ಕೆ ದಾಟಿಬಿಡುತ್ತವೆ.

ಸಂಸ್ಥೆಯು ತನ್ನ ಪಕ್ಷದಲ್ಲಿ ಒಂದು ಪರೀಕ್ಷೆಯನ್ನೇ ಮುಂದಿಟ್ಟಿತ್ತು. 218 ಜನರನ್ನು ಆರಿಸಿ, ಕೆಲವರಿಗೆ ನಿಜವಾದ ಗುಳಿಗೆಯನ್ನೂ ಉಳಿದವರಿಗೆ ದ್ರವ್ಯವಿಲ್ಲದ ಹುಸಿ ಗುಳಿಗೆಯನ್ನೂ 90 ದಿನಗಳ ಕಾಲ ಕೊಟ್ಟು, ಕಂಪ್ಯೂಟರಿನ ಮೂಲಕ ಒಂಬತ್ತು ಬಗೆಯ ನೆನಪು-ಬುದ್ಧಿಗಳ ಕಾರ್ಯಗಳನ್ನು ಅಳೆಯಲಾಯಿತು. ಇಡೀ ಗುಂಪನ್ನು ಒಟ್ಟಾಗಿ ನೋಡಿದಾಗ ಈ ಒಂಬತ್ತರಲ್ಲಿ ಒಂದರಲ್ಲಿಯೂ ಗಣನೀಯವಾದ ಭೇದ ಕಾಣಲಿಲ್ಲವೆಂದೂ, ತರುವಾಯ ಗುಂಪನ್ನು ನಾನಾ ರೀತಿಯಲ್ಲಿ ಸೀಳಿ ಮೂವತ್ತಕ್ಕೂ ಹೆಚ್ಚು ಲೆಕ್ಕಾಚಾರಗಳನ್ನು ಮಾಡಿ, ಅಲ್ಲೊಂದು ಇಲ್ಲೊಂದು ಅನುಕೂಲ ಫಲವನ್ನು ಆಯ್ದುಕೊಂಡರೆಂದೂ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹಾಗೂ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಅವರು 2017ರ ಜನವರಿಯಲ್ಲಿ ದಾವೆ ಹೂಡಿದರು. ಸಂಖ್ಯಾಶಾಸ್ತ್ರದ ವಾಡಿಕೆಯ ಅಳತೆಯಂತೆ, ಯಾವ ಗುಣವೂ ಇಲ್ಲದ ವಸ್ತುವನ್ನು ನೂರು ಸಲ ಪರೀಕ್ಷಿಸಿದರೆ ಐದು ಸಲ ಕೇವಲ ಆಕಸ್ಮಿಕವಾಗಿಯೇ ಅದು ಗುಣಕಾರಿಯೆಂಬಂತೆ ತೋರಬಹುದು. ಆದುದರಿಂದ ಮೂವತ್ತು ಸಲ ಹುಡುಕಿದವನಿಗೆ ಒಂದೆರಡು ಕಡೆ ಏನಾದರೂ ಸಿಕ್ಕುವುದು ಸಹಜವೇ ಹೊರತು ಸೋಜಿಗವಲ್ಲ. ದಾವೆ ಒಮ್ಮೆ ವಜಾ ಆಗಿ, ಮೇಲ್ಮನವಿಯಲ್ಲಿ ಮತ್ತೆ ಜೀವತಳೆದು, ಸುಮಾರು ಎಂಟು ವರ್ಷಗಳ ತರುವಾಯ, 2024ರ ಡಿಸೆಂಬರಿನಲ್ಲಿ, ಈ ಗುಳಿಗೆ ನೆನಪನ್ನು ಹೆಚ್ಚಿಸುತ್ತದೆಂದು ಹೇಳಕೂಡದೆಂಬ ನ್ಯಾಯಾಲಯದ ಆಜ್ಞೆಯಲ್ಲಿ ಮುಗಿಯಿತು. ಅಷ್ಟರಲ್ಲಿ ಎಷ್ಟು ವೃದ್ಧರ ಕೈಯ ಹಣ ಅದಕ್ಕಾಗಿ ವ್ಯಯವಾಯಿತೋ! ಅಮೆರಿಕದಲ್ಲಿ 1994ರ ಶಾಸನವೊಂದರ ಪ್ರಕಾರ ಇಂತಹ ಪೂರಕಗಳನ್ನು ಮಾರುವ ಮುನ್ನ ಅವುಗಳ ಗುಣವನ್ನು ಸರಕಾರದೆದುರು ಸಾಬೀತುಪಡಿಸಿ ತೋರಿಸಬೇಕಾದ ಹೊಣೆ ಇಲ್ಲದಿರುವುದೇ ಈ ವಿಳಂಬಕ್ಕೆ ಮೂಲ.

ಇಷ್ಟನ್ನು ಓದಿ, ಮಿದುಳಿಗೂ ನಾವು ತಿನ್ನುವ ಪ್ರೋಟೀನಿಗೂ ಯಾವ ಸಂಬಂಧವೂ ಇಲ್ಲವೆಂದು ತೀರ್ಮಾನಿಸುವುದು ಇನ್ನೊಂದು ಅತಿರೇಕವಾದೀತು. ಶರೀರದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರವಿದ್ದು, ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯಲ್ಲಿ ಐದರಲ್ಲೊಂದು ಪಾಲನ್ನು ತಾನೇ ಬಳಸಿಕೊಳ್ಳುವ ಈ ಅಂಗವು, ತನ್ನ ಕೋಶಗಳ ಪ್ರೋಟೀನುಗಳನ್ನು ಸದಾ ಕಳಚಿ ಹೊಸದಾಗಿ ಕಟ್ಟುತ್ತಿರುತ್ತದೆ. ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ಕಳುಹಲು ಬಳಸುವ ದ್ರವ್ಯಗಳಲ್ಲಿ ಹಲವು ಅಮೈನೋ ಆಮ್ಲಗಳಿಂದಲೇ ಹುಟ್ಟುತ್ತವೆ. ಟ್ರಿಪ್ಟೊಫಾನ್ ಎಂಬುದರಿಂದ ಸೆರೊಟೋನಿನ್, ಟೈರೊಸಿನ್ ಎಂಬುದರಿಂದ ಡೋಪಮೈನ್. ಆದರೆ ರಕ್ತಕ್ಕೂ ಮಿದುಳಿಗೂ ನಡುವೆ ಒಂದು ತಡೆ ಇದೆ. ಅದನ್ನು ದಾಟಿಸುವ ವಾಹಕಗಳು ಪರಿಮಿತವಾಗಿರುವುದರಿಂದಲೂ, ಟ್ರಿಪ್ಟೊಫಾನ್, ಟೈರೊಸಿನ್, ಲ್ಯೂಸಿನ್, ವ್ಯಾಲಿನ್ ಮೊದಲಾದುವೆಲ್ಲ ಒಂದೇ ವಾಹಕಕ್ಕಾಗಿ ಪೈಪೋಟಿ ಮಾಡುವುದರಿಂದಲೂ, ಒಂದರ ಪ್ರವೇಶ ಮತ್ತೊಂದಕ್ಕೆ ಅಡ್ಡಿಯಾಗುತ್ತದೆ. 1970ರ ದಶಕದ ಮೊದಲಲ್ಲಿ ಜಾನ್ ಫರ್ನ್‌ಸ್ಟ್ರಾಮ್ ಮತ್ತು ರಿಚರ್ಡ್ ವರ್ಟ್‌ಮನ್ ಎಂಬ ಇಬ್ಬರು ವಿಜ್ಞಾನಿಗಳು ಇಲಿಗಳಲ್ಲಿ ಕಂಡ ವಿಷಯ ಮೊದಲ ನೋಟಕ್ಕೆ ವಿಪರೀತವೆನಿಸುವಂತಹುದು: ಪಿಷ್ಟಪ್ರಧಾನವಾದ ಊಟದ ಅನಂತರ ಮಿದುಳಿನ ಟ್ರಿಪ್ಟೊಫಾನ್ ಹೆಚ್ಚಿತು, ಪ್ರೋಟೀನು ತುಂಬಿದ ಊಟದ ಅನಂತರ ಹಾಗೆ ಹೆಚ್ಚಲಿಲ್ಲ. ಆಹಾರದಲ್ಲಿ ಟ್ರಿಪ್ಟೊಫಾನ್ ಅಲ್ಪವೂ ಅದರ ಪ್ರತಿಸ್ಪರ್ಧಿಗಳು ಬಹುಳವೂ ಆಗಿರುವುದೇ ಇದಕ್ಕೆ ಕಾರಣ. ಹೆಚ್ಚು ಸುರಿದರೆ ಹೆಚ್ಚು ಸೇರುತ್ತದೆ ಎಂಬ ವ್ಯಾವಹಾರಿಕ ಗಣಿತ ಇಲ್ಲಿ ನಡೆಯದು.

ಪಾರ್ಕಿನ್‌ಸನ್ ರೋಗಿಗಳಿರುವ ಮನೆಗಳಲ್ಲಿ ಈ ಪೈಪೋಟಿ ದಿನನಿತ್ಯದ ಅನುಭವ. ಆ ರೋಗಕ್ಕೆ ಕೊಡುವ ಲೆವೊಡೋಪಾ ಎಂಬ ಔಷಧವೂ ಇದೇ ಅಮೈನೋ ಆಮ್ಲಗಳ ಕುಲಕ್ಕೆ ಸೇರಿದ್ದು, ಕರುಳಿನಲ್ಲಿಯೂ ಮಿದುಳಿನ ತಡೆಯಲ್ಲಿಯೂ ಅವುಗಳೊಡನೆಯೇ ಸ್ಪರ್ಧಿಸಬೇಕಾಗಿರುವುದರಿಂದ, ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳಿರೆಂದು ವೈದ್ಯರು ಹೇಳುವುದುಂಟು. ನಿಶ್ಶಕ್ತಿ ನೀಗಲೆಂದು ಅದೇ ರೋಗಿಗೆ ಮಾತ್ರೆಯ ಸಂಗಡವೇ ಒಂದು ಲೋಟ ಪ್ರೋಟೀನು ಹಾಲು ಕುಡಿಸುವ ಮಗಳ ಕಕ್ಕುಲತೆ ಔಷಧದ ಕೆಲಸವನ್ನೇ ಕೆಡಿಸಬಹುದು.

ಹಾಗಾದರೆ ಪ್ರೋಟೀನಿನ ಕೊರತೆ ಮಿದುಳಿಗೆ ಹಾನಿಕರವೇ? ಜಪಾನಿನ ಚಿಬಾ ನಗರದ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯೊಂದರವರು ಅಜಿನೊಮೊಟೊ ಸಂಸ್ಥೆಯ ಸಹಯೋಗದಲ್ಲಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಲ್ಜೈಮರ್ ರೋಗದಲ್ಲಿ ಕಾಣಬರುವಂತೆ ಟೌ ಎಂಬ ಪ್ರೋಟೀನು ಮಿದುಳಿನಲ್ಲಿ ಶೇಖರವಾಗುವ ಜಾತಿಯ ಚುಂಡಿಲಿಗಳಿಗೆ ಪ್ರೋಟೀನು ಕಡಮೆಯಿರುವ ಆಹಾರವನ್ನು ಕೊಟ್ಟಾಗ ಅವುಗಳ ಮಿದುಳಿನ ಕ್ಷಯ ತ್ವರಿತವಾಯಿತು. ಆರಿಸಿದ ಏಳು ಅಮೈನೋ ಆಮ್ಲಗಳ ಮಿಶ್ರಣವನ್ನು ಕೊಟ್ಟಾಗ ಆ ಕ್ಷಯ ನಿಧಾನಿಸಿತು. ಆದರೆ ಆಸ್ಟ್ರೇಲಿಯದ ಸಿಡ್ನಿಯಲ್ಲಿ, 2018ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆಯಲ್ಲಿ, ರೋಗವಿಲ್ಲದ ಸಾಮಾನ್ಯ ಚುಂಡಿಲಿಗಳಿಗೆ ಪ್ರೋಟೀನು ಕಡಮೆಯೂ ಪಿಷ್ಟ ಹೆಚ್ಚೂ ಇರುವ ಆಹಾರವನ್ನು ಆಜೀವವೂ ಕೊಟ್ಟುದರಿಂದ ಅವುಗಳ ಮಿದುಳಿನ ನೆನಪಿನ ಭಾಗಕ್ಕೆ ಹಿತವೇ ಆಯಿತು. ಚಿಬಾದ ಇಲಿಗಳು ಒಂದು ದಿಕ್ಕನ್ನೂ ಸಿಡ್ನಿಯ ಇಲಿಗಳು ಮತ್ತೊಂದು ದಿಕ್ಕನ್ನೂ ತೋರಿಸುತ್ತಿರುವಾಗ, ಇಲಿಯ ಪಾಠವನ್ನು ಮನುಷ್ಯನಿಗೆ ಹೇಳಲು ಹೊರಡುವವರು ಇವುಗಳಲ್ಲಿ ಯಾವುದನ್ನು ಹೇಳಬೇಕು? ಅಮೆರಿಕದ ಮಾನವರ ಅಂಕಿಅಂಶಗಳನ್ನು ಪರಿಶೀಲಿಸಿ 2014ರಲ್ಲಿ ಹೊರಬಂದ ಅಧ್ಯಯನವೊಂದರ ಸೂಚನೆ ಇಲ್ಲಿ ಉಪಯುಕ್ತವಾದುದು: 50ರಿಂದ 65ರ ವಯಸ್ಸಿನವರಲ್ಲಿ ಅಧಿಕ ಪ್ರೋಟೀನು ಸೇವನೆ ಅಧಿಕ ಮರಣದೊಡನೆ ಜೊತೆಗೂಡಿದ್ದರೆ, 65 ದಾಟಿದವರಲ್ಲಿ ಅದೇ ಸೇವನೆ ಕಡಮೆ ಮರಣದೊಡನೆ ಜೊತೆಗೂಡಿತ್ತು. ಜೊತೆಗೂಡುವುದೆಂದರೆ ಕಾರಣವಾಗುವುದೆಂದು ಅರ್ಥವಲ್ಲವಾದರೂ, ಮಧ್ಯವಯಸ್ಸಿನ ನಿಯಮ ಮುಪ್ಪಿಗೆ ಅನ್ವಯಿಸದು ಎಂಬುದಕ್ಕೆ ಇದೊಂದು ಇಂಗಿತ.

ಮುಪ್ಪಿನಲ್ಲಿ ಬದಲಾಗುವುದು ಮುಖ್ಯವಾಗಿ ಸ್ನಾಯು. ತರುಣನ ಸ್ನಾಯು ಸ್ವಲ್ಪ ಪ್ರೋಟೀನಿಗೇ ಓಗೊಟ್ಟು ಬೆಳೆದರೆ, ಎಪ್ಪತ್ತರ ಸ್ನಾಯು ಅಷ್ಟೇ ಪ್ರಮಾಣಕ್ಕೆ ಮಂದವಾಗಿ ಓಗೊಡುತ್ತದೆ. ಆದುದರಿಂದಲೇ, ಸಾಮಾನ್ಯ ವಯಸ್ಕರಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗ್ರಾಮಿಗೆ 0.83 ಗ್ರಾಂ ಪ್ರೋಟೀನು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ ಹೇಳಿದ್ದರೂ, ವೃದ್ಧರ ವಿಷಯವನ್ನೇ ಚಿಂತಿಸಿದ ಅಂತರರಾಷ್ಟ್ರೀಯ ತಜ್ಞರ ತಂಡವೊಂದು 2013ರಲ್ಲಿ ಅದನ್ನು 1.0ರಿಂದ 1.2 ಗ್ರಾಮಿಗೆ ಏರಿಸಬೇಕೆಂದಿತು. 55 ಕಿಲೋ ತೂಗುವ ಅಜ್ಜಿಯೊಬ್ಬಳಿಗೆ ಇದು 46 ಗ್ರಾಮಿನ ಬದಲು 55ರಿಂದ 66 ಗ್ರಾಂ ಆಗುತ್ತದೆ. ಸ್ನಾಯುವಿಗೂ ಮಿದುಳಿಗೂ ಏನು ಸಂಬಂಧವೆಂದರೆ, ಕಾಲಿನಲ್ಲಿ ಕಸುವಿರುವವರು ನಡೆದಾಡುತ್ತಾರೆ, ನಾಲ್ಕು ಜನರ ನಡುವೆ ಹೋಗಿಬರುತ್ತಾರೆ, ಬಿದ್ದು ತಲೆಗೆ ಪೆಟ್ಟು ಮಾಡಿಕೊಳ್ಳುವುದು ಕಡಮೆ. ಲ್ಯಾನ್ಸೆಟ್ ಪತ್ರಿಕೆಯ ಆಯೋಗವು 2024ರಲ್ಲಿ, ಡಿಮೆನ್ಷಿಯಾ ಎಂಬ ಮರೆವಿನ ರೋಗಕ್ಕೆ ಎಡೆಗೊಡುವುವೂ ತಿದ್ದಬಹುದಾದುವೂ ಆದ 14 ಕಾರಣಗಳನ್ನು ಪಟ್ಟಿಮಾಡಿದಾಗ, ಅದರಲ್ಲಿ ಪ್ರೋಟೀನಿನ ಹೆಸರು ಬರಲಿಲ್ಲ. ಆದರೆ ನಿಷ್ಕ್ರಿಯತೆ, ಏಕಾಂತವಾಸ, ತಲೆಯ ಪೆಟ್ಟು ಈ ಮೂರೂ ಬಂದಿವೆ. ಪ್ರೋಟೀನು ಮಿದುಳಿಗೆ ಮಾಡಬಹುದಾದ ಸಹಾಯದಲ್ಲಿ ಬಹುಪಾಲು ಹೀಗೆ ಕಾಲುಗಳ ಮಾರ್ಗವಾಗಿ ಬರುವುದೆಂದೇ ನನ್ನ ಊಹೆ.

ಲಂಡನ್ನಿನ ಕಿಂಗ್ಸ್ ಕಾಲೇಜಿನವರು ನಡೆಸಿ 2024ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದು. ಅರುವತ್ತು ದಾಟಿದ 36 ಜೋಡಿ ಅವಳಿ ಸೋದರ ಸೋದರಿಯರನ್ನು ಆರಿಸಿಕೊಂಡು, ಎಲ್ಲರಿಗೂ ದಿನವೂ ಪ್ರೋಟೀನು ಪೂರಕವನ್ನು ಕೊಟ್ಟು, ಎಲ್ಲರಿಂದಲೂ ಸ್ನಾಯುಗಳಿಗೆ ಕೆಲಸಕೊಡುವ ವ್ಯಾಯಾಮವನ್ನು ಮಾಡಿಸಿದರು. ಭೇದವಿದ್ದುದು ಒಂದೇ ವಿಷಯದಲ್ಲಿ: ಪ್ರತಿ ಜೋಡಿಯಲ್ಲಿ ಒಬ್ಬರಿಗೆ ಇನ್ಯುಲಿನ್ ಮುಂತಾದ ಸಸ್ಯಜನ್ಯ ನಾರಿನ ಪುಡಿ, ಇನ್ನೊಬ್ಬರಿಗೆ ಅದರಂತೆಯೇ ತೋರುವ ಹುಸಿ ಪುಡಿ. ಯಾರಿಗೆ ಯಾವುದೆಂದು ತಿನ್ನುವವರಿಗೂ ತಿಳಿಯದು, ಅಳೆಯುವವರಿಗೂ ತಿಳಿಯದು. ಅವಳಿಗಳನ್ನೇ ಆರಿಸಿದ್ದರ ಔಚಿತ್ಯ ಸ್ಪಷ್ಟವಾಗಿದೆ. ವಯಸ್ಸು ಒಂದೇ, ಅನುವಂಶದಲ್ಲಿಯೂ ಬಾಲ್ಯದ ಪರಿಸರದಲ್ಲಿಯೂ ಬಹಳ ಸಾಮ್ಯ. ಹನ್ನೆರಡು ವಾರಗಳು ಕಳೆದ ಮೇಲೆ ನೋಡಲಾಗಿ, ಕುರ್ಚಿಯಿಂದ ಏಳುವ ವೇಗದಲ್ಲಿ ಇಬ್ಬರಿಗೂ ಗಣನೀಯ ಅಂತರವಿರಲಿಲ್ಲ. ಆದರೆ ನೆನಪಿನ ಪರೀಕ್ಷೆಗಳಲ್ಲಿ, ಅದರಲ್ಲೂ ಯಾವ ಚಿತ್ರ ಯಾವ ಪೆಟ್ಟಿಗೆಯಲ್ಲಿತ್ತೆಂದು ಗುರುತಿಸುವ, ಆಲ್ಜೈಮರ್ ರೋಗದ ಮೊದಲ ಸುಳಿವನ್ನು ಹಿಡಿಯಬಲ್ಲ ಪರೀಕ್ಷೆಯಲ್ಲಿ, ನಾರನ್ನು ತಿಂದವರು ಕಡಮೆ ತಪ್ಪು ಮಾಡಿದರು. ಅವರ ಕರುಳಿನಲ್ಲಿ ಹಿತಕರವಾದ ಬೈಫಿಡೋಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಜೀವಿಗಳೂ ವೃದ್ಧಿಯಾಗಿದ್ದುವು.

ಇದರಲ್ಲಿರುವ ವ್ಯಂಗ್ಯವನ್ನು ಗಮನಿಸದೆ ಇರಲಾಗದು. ಪ್ರೋಟೀನನ್ನು ಇಬ್ಬರೂ ತಿಂದಿದ್ದರು. ನೆನಪಿನಲ್ಲಿ ವ್ಯತ್ಯಾಸ ತಂದುದು, ಸ್ವತಃ ಜೀರ್ಣವಾಗದೆ ದೊಡ್ಡ ಕರುಳಿನವರೆಗೂ ಹೋಗುವ, ಪೌಷ್ಟಿಕತೆಯ ಲೆಕ್ಕದಲ್ಲಿ ಯಾರೂ ಮಾನ್ಯ ಮಾಡದಿದ್ದ ನಾರು. ಎಪ್ಪತ್ತೆರಡು ಜನರ ಮೇಲೆ ಮೂರು ತಿಂಗಳು ಮಾತ್ರ ನಡೆದ ಪ್ರಯೋಗವಾದುದರಿಂದ ಇದನ್ನು ಸಿದ್ಧಾಂತವೆಂದು ಹಿಡಿಯಲಾಗದು, ರೋಗವನ್ನು ತಡೆಯಿತೆಂದಂತೂ ಸರ್ವಥಾ ಹೇಳಲಾಗದು. ಆದರೂ, ಆ ಇನ್ಯುಲಿನ್ ನಮ್ಮ ಈರುಳ್ಳಿ, ಬೆಳ್ಳುಳ್ಳಿ, ಬಾಳೆಹಣ್ಣುಗಳಲ್ಲಿ ಇದೆಯೆಂಬುದೂ, ಬೇಳೆಕಾಳುಗಳಲ್ಲಿ ಪ್ರೋಟೀನಿನೊಡನೆ ನಾರೂ ಸೇರಿಯೇ ಇರುತ್ತದೆಂಬುದೂ, ಹಾಲಿನ ತಿಳಿಯಿಂದ ತೆಗೆದ ಪುಡಿಯಲ್ಲಿ ನಾರು ಹೆಸರಿಗೂ ಇರುವುದಿಲ್ಲವೆಂಬುದೂ ಆಲೋಚಿಸತಕ್ಕ ವಿಷಯಗಳೇ.

ಪ್ರೋಟೀನು ಪುಡಿಯೆಂಬುದು ಕನ್ನಡನಾಡಿಗೆ ಹೊಸತಲ್ಲ. 1950ರಲ್ಲಿ ಮೈಸೂರಿನ ಚೆಲುವಾಂಬಾ ವಿಲಾಸದಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ನೆಲೆಗೊಂಡ ಕೆಲವೇ ವರ್ಷಗಳಲ್ಲಿ, ಅಲ್ಲಿಯ ವಿಜ್ಞಾನಿಗಳು ಎಣ್ಣೆ ತೆಗೆದ ನೆಲಗಡಲೆಯ ಹಿಟ್ಟು ಮೂರು ಪಾಲು, ಕಡಲೆಹಿಟ್ಟು ಒಂದು ಪಾಲು ಬೆರೆಸಿ, ಸುಣ್ಣದ ಅಂಶವನ್ನೂ ಜೀವಸತ್ತ್ವಗಳನ್ನೂ ಕೂಡಿಸಿ, ಬಡವರ ಊಟಕ್ಕೆ ಬಲ ಬರಲೆಂದು ಒಂದು ಸರ್ವೋಪಯೋಗಿ ಆಹಾರವನ್ನು ಸಿದ್ಧಪಡಿಸಿದ್ದರು. ಆ ಕಾಲದಲ್ಲಿ ಲೋಕದ ಹಸಿವೆಲ್ಲ ಪ್ರೋಟೀನಿನ ಹಸಿವೆಂದೇ ಪ್ರತೀತಿ. ಆದರೆ ನಮ್ಮ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆಯವರು, ಜನಕ್ಕೆ ಸಾಲದಿರುವುದು ಮೊದಲಾಗಿ ಒಟ್ಟು ಅನ್ನವೇ ಎಂದು ವಾದಿಸಿದರು. 1974ರಲ್ಲಿ ಡೊನಾಲ್ಡ್ ಮೆಕ್‌ಲಾರೆನ್ ಎಂಬ ವೈದ್ಯರು ಪ್ರೋಟೀನಿನ ಈ ಗದ್ದಲವನ್ನೇ ಮಹಾ ಪ್ರಮಾದವೆಂದು ಲ್ಯಾನ್ಸೆಟ್ಟಿನಲ್ಲಿ ಬರೆದರು. ಒಟ್ಟು ಆಹಾರ ಸಾಲದವನಿಗೆ ಪ್ರೋಟೀನು ಕೊಟ್ಟರೆ ಶರೀರ ಅದನ್ನು ಕಟ್ಟುವುದಕ್ಕೆ ಬಳಸದೆ ಉರುವಲಾಗಿ ಸುಟ್ಟುಬಿಡುತ್ತದೆ. ಇದು ಶರೀರಶಾಸ್ತ್ರದ ಹಳೆಯ ಸತ್ಯ. ಇಂದು ನಮ್ಮ ಮನೆಗಳಲ್ಲಿ, ಹಲ್ಲುಹೋಗಿ, ರುಚಿ ಸತ್ತು, ಜೊತೆಯವರು ತೀರಿಕೊಂಡ ಮೇಲೆ ಒಬ್ಬರಿಗಾಗಿ ಒಲೆ ಹೊತ್ತಿಸಲು ಬೇಸರಪಟ್ಟು, ಎರಡು ಬಿಸ್ಕತ್ತು ಕಾಫಿಯಲ್ಲಿ ಅದ್ದಿ ರಾತ್ರಿಯನ್ನು ಮುಗಿಸುವ ಮುದುಕರ ಒಡಲಿನಲ್ಲಿ, ದೂರದೂರಿನ ಮಕ್ಕಳು ಕಳುಹಿಸಿದ ಬೆಲೆಬಾಳುವ ಡಬ್ಬಿಯಲ್ಲಿ ಬಹುಪಾಲು ಹೀಗೆ ಸುಟ್ಟುಹೋಗುತ್ತಿದ್ದರೆ ಆಶ್ಚರ್ಯವಿಲ್ಲ.

ಅವರ ತಟ್ಟೆಯನ್ನೇ ಸರಿಪಡಿಸುವುದು ಕಷ್ಟವೂ ಅಲ್ಲ. ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಸುಮಾರು 7 ಗ್ರಾಂ ಪ್ರೋಟೀನಿದೆ. ಅದರ ಸಂಗಡದ ಹುರುಳಿಯ ಬಸ್ಸಾರಿನಲ್ಲಿಯೋ ಅವರೆಕಾಳಿನ ಸಾರಿನಲ್ಲಿಯೋ ಕಾಳು ಧಾರಾಳವಾಗಿದ್ದರೆ ಇನ್ನೊಂದು ಏಳೆಂಟು ಗ್ರಾಂ ಬರುತ್ತದೆ. ಧಾನ್ಯದಲ್ಲಿ ಕಡಮೆಯಿರುವ ಲೈಸಿನ್ ಬೇಳೆಯಲ್ಲಿ ಹೆಚ್ಚು, ಬೇಳೆಯಲ್ಲಿ ಕಡಮೆಯಿರುವ ಮಿಥಿಯೊನಿನ್ ಧಾನ್ಯದಲ್ಲಿ ಹೆಚ್ಚು. ಮುದ್ದೆಗೆ ಕಾಳುಸಾರು, ಅನ್ನಕ್ಕೆ ತೊವ್ವೆ ಎಂಬ ಜೋಡಣೆ ರಸಾಯನಶಾಸ್ತ್ರ ಹುಟ್ಟುವ ಮುನ್ನವೇ ನಮ್ಮ ಅಡಿಗೆಮನೆಗಳಲ್ಲಿ ನೆಲೆಗೊಂಡುದು. ಅಗಿಯಲಾಗದವರಿಗೆ ಹೆಸರುಬೇಳೆಯನ್ನು ನುಣ್ಣಗೆ ಬೇಯಿಸಬಹುದು, ಹುರಿಗಡಲೆಯನ್ನು ಪುಡಿಮಾಡಿ ಹಾಲಿಗೆ ಬೆರೆಸಬಹುದು. ಮೊಟ್ಟೆ ತಿನ್ನುವವರಿಗೆ ಒಂದರಿಂದ 6 ಗ್ರಾಂ ಸುಲಭವಾಗಿ ದೊರೆಯುತ್ತದೆ. ಮೂರೂ ಹೊತ್ತಿನ ಊಟದಲ್ಲಿ ಇದು ಹಂಚಿಕೆಯಾಗುವುದು ಮೇಲು. ಬೆಳಗ್ಗೆ ಬರಿಯ ಗಂಜಿ ಕುಡಿದು ಮಧ್ಯಾಹ್ನ ಒಮ್ಮೆಲೇ ತುಂಬಿಕೊಳ್ಳುವುದಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮೇ ತಿಂಗಳಲ್ಲಿ ಹೊರಡಿಸಿದ ಆಹಾರ ಸೂಚಿಯಲ್ಲಿ, ಪ್ರೋಟೀನು ಪುಡಿಗಳಲ್ಲಿ ಸಕ್ಕರೆಯೂ ಕೃತಕ ಸಿಹಿ-ಪರಿಮಳಗಳೂ ಬೆರೆತಿರಬಹುದಾದುದರಿಂದ ಅವುಗಳ ನಿತ್ಯಸೇವನೆ ಸಲ್ಲದೆಂದಿದೆ. ಶಸ್ತ್ರಚಿಕಿತ್ಸೆಯಾಗಿ ಏನೂ ಸೇರದವರಿಗೆ, ನುಂಗಲು ಕಷ್ಟವಿರುವವರಿಗೆ ವೈದ್ಯರು ಪುಡಿಯನ್ನು ಬರೆದುಕೊಟ್ಟರೆ ಅದರ ಮಾತು ಬೇರೆ.

ನಮ್ಮವರ ಮಿದುಳಿಗೆ ನಮ್ಮ ಆಹಾರ ಏನು ಮಾಡುತ್ತದೆಂಬುದನ್ನು ಲಂಡನ್ನಿನ ಅವಳಿಗಳಿಂದ ಊಹಿಸುವುದಕ್ಕಿಂತ ಇಲ್ಲಿಯೇ ನೋಡುವುದು ಲೇಸು. ಭಾರತದಲ್ಲಿ ಅರುವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಮರೆವಿನ ರೋಗವಿದೆಯೆಂದು ಅಂದಾಜು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, 45 ದಾಟಿದ ಹತ್ತು ಸಾವಿರ ಜನರನ್ನು ವರ್ಷವರ್ಷವೂ ಪರೀಕ್ಷಿಸುತ್ತ ಹೋಗುವ ದೀರ್ಘಾವಧಿಯ ಅಧ್ಯಯನವೊಂದನ್ನು ನಡೆಸುತ್ತಿದೆ. ಮಾವಿನ ತೋಪುಗಳ ನಡುವೆ ಮುದ್ದೆಯುಂಡು ಬೆಳೆದ ಆ ರೈತರ ನೆನಪು, ರಕ್ತ, ಮಿದುಳಿನ ಚಿತ್ರಗಳಿಂದ ದೊರೆಯುವ ತಿಳಿವಳಿಕೆಗೆ ಹೊರನಾಡಿನ ಯಾವ ಪ್ರಯೋಗವೂ ಬದಲಿಯಾಗದು.

ಅಲ್ಲಿಯವರೆಗೆ, ಡಬ್ಬಿಯನ್ನು ಕೊಂಡೇ ಕೊಳ್ಳುವೆನೆನ್ನುವವರು ಮುಂಚಿತವಾಗಿ ಎರಡು ರಕ್ತಪರೀಕ್ಷೆಗಳನ್ನು ಮಾಡಿಸಿಕೊಳ್ಳುವುದು ಒಳ್ಳೆಯದು. ಒಂದು, ಮೂತ್ರಪಿಂಡದ ಸ್ಥಿತಿಯನ್ನು ತಿಳಿಸುವ ಕ್ರಿಯಾಟಿನಿನ್. ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಬಹುಕಾಲದಿಂದ ಇರುವ ವೃದ್ಧರಲ್ಲಿ ಮೂತ್ರಪಿಂಡ ಸದ್ದಿಲ್ಲದೆ ಸೊರಗಿರುವುದು ಅಪರೂಪವಲ್ಲವಾಗಿ, ಅಂತಹವರಿಗೆ ವೈದ್ಯರು ಪ್ರೋಟೀನನ್ನು ಹೆಚ್ಚಿಸುವ ಬದಲು ಮಿತಗೊಳಿಸುವುದೇ ವಾಡಿಕೆ. ಇನ್ನೊಂದು, ಬಿ12 ಜೀವಸತ್ತ್ವ. ಸಸ್ಯಾಹಾರಿಗಳಲ್ಲಿ ಇದರ ಕೊರತೆ ಸಾಮಾನ್ಯ. ಮರೆವು, ಮಂಕು, ಪಾದಗಳ ಜೋಮು ಇವೆಲ್ಲ ಅದರಿಂದಲೇ ಬಂದಿರಬಹುದು. ಬೇಗನೆ ಪತ್ತೆಯಾದರೆ ಕೆಲವು ಚುಚ್ಚುಮದ್ದುಗಳಿಂದಲೋ ಅಗ್ಗದ ಮಾತ್ರೆಗಳಿಂದಲೋ ಗುಣವಾಗುವುದುಂಟು.